ಅದಿರು ಯಾರ್ಡಿನ ಕಾಲುದಾರಿ: ನನ್ನ ಅನುಭವ

ರೈಲಿಗೆ ಒಗ್ಗುವ ಜಲ್ಲಿ ಮನುಷ್ಯನ ಕಾಲಿಗೆ ಒಗ್ಗುವುದಿಲ್ಲ. ಹಳಿಯ ಕೆಳಗೆ ಹಾಕುವುದು 65 ಮಿ.ಮೀ.ವರೆಗಿನ, ಚೂಪು ಮೂಲೆಯ ಕಲ್ಲು. ಒಂದನ್ನೊಂದು ಕಚ್ಚಿಕೊಂಡು ಸ್ಲೀಪರ್, ಅಂದರೆ ಹಳಿಯಡಿಯ ಅಡ್ಡದಿಮ್ಮಿ, ಅಲುಗದಂತೆ ಹಿಡಿಯುವುದು, ಮಳೆನೀರನ್ನು ಇಳಿದು ಹೋಗಲು ಬಿಡುವುದು ಅದರ ಕೆಲಸ. ಅದರ ಮೇಲೆ ನಡೆದರೆ ಹೆಜ್ಜೆಗೊಂದು ಕಡೆ ಪಾದ ವಾಲುತ್ತದೆ. ಹಳಿ ದಾಟಿ ಹೋಗುವವರಿಗೆ ಇದು ಲೆಕ್ಕಕ್ಕಿಲ್ಲ. ಗಾಡಿ ತಪಾಸಣೆ ಮಾಡುವ ಕ್ಯಾರೇಜ್ ಅಂಡ್ ವ್ಯಾಗನ್ ಸಿಬ್ಬಂದಿಯ ಪಾಡು ಬೇರೆ. ಅದಿರು ತುಂಬುವ ಬಾಕ್ಸ್‌ಎನ್ (ಮೇಲೆ ಮುಚ್ಚಿಗೆಯಿಲ್ಲದ ವ್ಯಾಗನ್) ರೇಕ್, ಅಂದರೆ ಒಂದು ಇಡೀ ಗಾಡಿ, ಎಂದರೆ 58 ವ್ಯಾಗನ್, ಆರುನೂರು ಮೀಟರಿಗೂ ಮಿಕ್ಕಿದ ಉದ್ದ. ಎರಡೂ ಬದಿ ನೋಡಿ ಮುಗಿಸುವಷ್ಟರಲ್ಲಿ ಒಂದೂಕಾಲು ಕಿಲೋಮೀಟರ್ ನಡೆದಿರುತ್ತಾರೆ. ಅಷ್ಟು ಹೊತ್ತೂ ಅವರ ಕಣ್ಣು ಬ್ರೇಕ್ ಬ್ಲಾಕ್, ಸ್ಪ್ರಿಂಗ್, ಬಾಗಿಲಿನ ಚಿಲಕದ ಮೇಲೆ. ನೆಲ ನೋಡುವುದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಅವರ ಕಾಲಕೆಳಗಿನ ನೆಲವನ್ನು ಬೇರೆ ಯಾರಾದರೂ ನೋಡಿಕೊಳ್ಳಬೇಕು. ಬಳ್ಳಾರಿ–ಹೊಸಪೇಟೆ ಕಡೆಯ ಒಂದು ಯಾರ್ಡಿನಲ್ಲಿ ಹಳಿ ವಿಭಾಗದ ಸೀನಿಯರ್ ಸೆಕ್ಷನ್ ಇಂಜಿನಿಯರ್ ಆಗಿದ್ದಷ್ಟು ಕಾಲ ಆ ಕೆಲಸ ನನ್ನ ಪಾಲಿಗಿತ್ತು.

ಶುರುವಿನಲ್ಲಿ ನಾನು ಹಳಿಗಳ ನಡುವಿನ ಕಾಲುದಾರಿಯನ್ನು ಪರೀಕ್ಷಿಸುತ್ತಿದ್ದದ್ದು ಬೆಳಗಿನ ಹೊತ್ತು, ನಮ್ಮ ಹಳಿ ಗ್ಯಾಂಗಿನ ಮೇಟ್ ಮತ್ತು ಕೀಮನ್ ಜೊತೆ. ಯಾರ್ಡಿನಲ್ಲಿ ಗಾಡಿ ಜೋಡಿಸುವ, ಬಿಡಿಸುವ ಹಿರಿಯ ಪಾಯಿಂಟ್ಸ್‌ಮನ್ ಒಬ್ಬರು ಒಂದು ದಿನ ಮುಲಾಜಿಲ್ಲದೆ ಹೇಳಿದರು: "ಸಾಹೇಬ್ರ, ಹಗಲಿಗೆ ಬಂದ್ರ ಏನ್ ತಿಳೀತದ? ಎರಡೂ ಕಡೆ ಗಾಡಿ ನಿಂತಾಗ ರಾತ್ರಿ ಬರ್ರಿ." ಹೋದೆ. ಯಾರ್ಡಿನ ಮೂಲೆಯಲ್ಲಿ ಹೈಮಾಸ್ಟ್ ದೀಪ ಉರಿಯುತ್ತಿತ್ತು, ಆಫೀಸಿನ ಕಿಟಕಿಯಿಂದ ನೋಡಿದರೆ ಇಡೀ ಯಾರ್ಡು ಬೆಳದಿಂಗಳು ಚೆಲ್ಲಿದಂತೆ. ಮೂರು ಮೀಟರಿಗೂ ಎತ್ತರದ ಎರಡು ರೇಕುಗಳ ನಡುವಿನ ಓಣಿಗೆ ಇಳಿದರೆ ಮಾತ್ರ ಕಗ್ಗತ್ತಲು. ಅವರ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬಾವುಟದ ಕೋಲು. ಟಾರ್ಚಿನ ಬೆಳಕು ವ್ಯಾಗನ್ ಮೇಲೆ ಹೋದಾಗಲೆಲ್ಲ ಕಾಲು ಕುರುಡು. ಅವರಿಗೆ ಪ್ರತಿ ಅಡಚಣೆಯೂ ಬಾಯಿಪಾಠ: "ಇಲ್ಲಿ ಕೇಬಲ್ ಗುಂಡಿ ಮುಚ್ಚಳ ಎದ್ದದ… ಇಲ್ಲಿ ಹಳೀ ತುಂಡು, ಎಡಕ್ಕ ಬರ್ರಿ." ಬೇರೆ ಊರಿನಿಂದ ವರ್ಗವಾಗಿ ಬಂದ ಹುಡುಗನಿಗೆ ಈ ಪಾಠ ಯಾರು ಹೇಳಬೇಕು?

ಆ ಹಳಿ ತುಂಡು ನಮ್ಮ ವಿಭಾಗದ್ದೇ. ಹಳಿ, ಸ್ಲೀಪರ್ ಬದಲಾಯಿಸಿದಾಗ ತೆಗೆದ ಸಾಮಾನು ದಾರಿಯಲ್ಲೇ ಉಳಿದುಬಿಡುತ್ತಿತ್ತು. ಫಿಶ್‌ಪ್ಲೇಟ್, ಲೈನರ್, ಸುರುಳಿಯಂಥ ಇಲಾಸ್ಟಿಕ್ ಕ್ಲಿಪ್ಪು. ಶೂಗೆ ಸಿಕ್ಕಿ ಮುಗ್ಗರಿಸುವುದಕ್ಕೆ ಆ ಕ್ಲಿಪ್ಪಿಗಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ. ಸುತ್ತೋಲೆ ಕಳಿಸಿ ಏನೂ ಆಗಲಿಲ್ಲ. ಕೆಲಸಕ್ಕೆ ಬಂದದ್ದು ಮೆಷರ್‌ಮೆಂಟ್ ಬುಕ್ಕು. ಸಾಮಾನು ಎತ್ತಿ ಡಿಪೋಗೆ ಸೇರಿಸದ ಹೊರತು ಆ ಭಾಗದ ಅಳತೆ ಬರೆಯುವುದಿಲ್ಲ ಎಂದು ಗುತ್ತಿಗೆದಾರರಿಗೆ ಹೇಳಿದೆ. ಅಳತೆ ಇಲ್ಲದಿದ್ದರೆ ಬಿಲ್ಲು ಇಲ್ಲ. ಮೊದಲು ಗೊಣಗಿದರು, ಆಮೇಲೆ ಟ್ರ್ಯಾಕ್ಟರ್ ತಂದರು. ನಮ್ಮ ಗ್ಯಾಂಗಿಗೂ ಅದೇ ನಿಯಮ: ಬ್ಲಾಕ್ (ಗಾಡಿ ತಡೆದು ಹಳಿ ಕೆಲಸಕ್ಕೆ ಕೊಡುವ ಹೊತ್ತು) ಮುಗಿಯುವುದು ಹಳಿ ಕೂತಾಗ ಅಲ್ಲ, ದಾರಿ ಖಾಲಿಯಾದಾಗ.

ಇನ್ನು ದಾರಿಯ ಮೈ. ಅಲ್ಲಿಯದು ಎರೆ ಮಣ್ಣು. ಮಳೆ ಬಂದರೆ ಕೆಸರು ಜಲ್ಲಿಯ ಸಂದಿನಿಂದ ಮೇಲೆ ಉಕ್ಕುತ್ತದೆ, ಬೇಸಿಗೆಯಲ್ಲಿ ಬಿರುಕು. ಮೊದಲು ಒಂದಷ್ಟು ಮಣ್ಣು ಕೆತ್ತಿ ತೆಗೆಸಿ, ಗರಸು ಹಾಕಿ ಗುದ್ದಿಸಿದೆ. ಅದರ ಮೇಲೆ 20 ಮಿ.ಮೀ. ಜಲ್ಲಿ, ಸಂದು ತುಂಬುವಷ್ಟು ಮಾತ್ರ ಕ್ರಷರ್ ಪುಡಿ. ಬರೀ ಪುಡಿ ಸುರಿದರೆ ಸಾಕಲ್ಲ, ಅಗ್ಗ ಎಂದವರಿದ್ದರು. ಒಣಗಿದಾಗ ಅದರ ಮೇಲೆ ನಡೆಯುವುದು ಸುಖವೇ. ಮೊದಲ ಮಳೆಗೆ ಅದು ಹಿಟ್ಟು ಕಲಸಿದ ಹಾಗೆ. ಸಾಲದ್ದಕ್ಕೆ ವ್ಯಾಗನ್ನಿಂದ ಸೋರುವ ಅದಿರಿನ ಪುಡಿ ಬೇರೆ ಬೆರೆತು ಜಾರುತ್ತದೆ.

ಸಣ್ಣ ಜಲ್ಲಿಗೂ ಒಂದು ಕಾಟ ಉಂಟು. ಅದು ಬ್ಯಾಲಾಸ್ಟಿನೊಳಗೆ, ಅಂದರೆ ಹಳಿ ಕೆಳಗಿನ ದಪ್ಪ ಜಲ್ಲಿಯೊಳಗೆ, ಸೇರಿದರೆ ಸಂದು ಕಟ್ಟಿ ನೀರು ನಿಲ್ಲುತ್ತದೆ, ಸ್ಲೀಪರ್ ಕೂರುತ್ತದೆ, ಕೊನೆಗೆ ಹಳಿಯೇ ಕೆಡುತ್ತದೆ. ಸ್ಲೀಪರ್ ಕೆಳಗೆ ಜಲ್ಲಿ ಗಿಡಿಯುವ ಟ್ಯಾಂಪಿಂಗ್ ಮಷೀನ್ ಬಂದಾಗಲಂತೂ ಎರಡೂ ಕಲಸುಮೇಲೋಗರ. ನಡುವೆ ತಡೆ ಬೇಕೇ ಬೇಕು. ಡಿಪೋದಲ್ಲಿ ಬಿದ್ದಿದ್ದ ಹಳೆ ಕಾಂಕ್ರೀಟ್ ಸ್ಲೀಪರುಗಳನ್ನು ಉದ್ದುದ್ದಕ್ಕೆ ಹೂಳಿಸಿದೆ. ಅವನ್ನು ಮಗುಚಿ ಹಾಕಬೇಕು. ನೆಟ್ಟಗೆ ಇಟ್ಟರೆ ಕ್ಲಿಪ್ ಕೂರಿಸುವ ಕಬ್ಬಿಣದ ಇನ್ಸರ್ಟುಗಳು ಮೇಲೆ ಚಾಚಿಕೊಂಡು, ಎಡವುವುದಕ್ಕೆ ನಾವೇ ಏರ್ಪಾಡು ಮಾಡಿಕೊಟ್ಟಂತಾಗುತ್ತದೆ. ಮಗುಚಿದರೆ ಅವು ಮಣ್ಣಿನೊಳಗೆ, ಅಗಲವಾದ ಚಪ್ಪಟೆ ತಳ ಮೇಲೆ. ದಾರಿಯ ಮಟ್ಟಕ್ಕೆ ಸರಿಸಮ ಕೂತರೆ ಅದರ ಮೇಲೇ ನಡೆಯಬಹುದು.

ನೀರಿನ ವಿಚಾರಕ್ಕೆ ಬಂದರೆ, ಯಾರ್ಡು ಎಂದರೆ ಹೆಚ್ಚುಕಡಿಮೆ ಚಪ್ಪಟೆ ನೆಲ. ನಿಂತ ವ್ಯಾಗನ್ ತಾನಾಗಿ ಉರುಳಬಾರದಲ್ಲ, ಅದಕ್ಕೇ 1200ಕ್ಕೆ 1ರಷ್ಟೇ ಇಳಿಜಾರು ಇರಲಿ, 400ಕ್ಕೆ 1ನ್ನು ಮೀರದಿರಲಿ ಎನ್ನುತ್ತದೆ ನಿಯಮ. ನೀರಿಗೆ ಇಷ್ಟು ಸಾಲದು. ಆದ್ದರಿಂದ ದಾರಿಗೆ ಅಡ್ಡಲಾಗಿ ಚರಂಡಿಯ ಕಡೆ ವಾಟ ಕೊಟ್ಟೆವು. ತೆರೆದ ಚರಂಡಿಗೆ ಚಪ್ಪಡಿ ಮುಚ್ಚಿಸಿದೆ, ಹೂಳು ತೆಗೆಯಲು ಅಲ್ಲಲ್ಲಿ ಎತ್ತುವಂಥದ್ದು ಬಿಟ್ಟು. ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ ಮಳೆಗಾಲಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಬೇರುಸಹಿತ ಹೋಗಬೇಕು. ಹಾವಿನ ಭಯ ಇದ್ದದ್ದರಿಂದ ಈ ಕೆಲಸಕ್ಕೆ ಯಾರನ್ನೂ ಎರಡನೇ ಸಲ ಕರೆಯಬೇಕಾಗಲಿಲ್ಲ.

ದುಡ್ಡಿನಿಂದ ಬಗೆಹರಿಯದ ತೊಡಕು ಜಾಗದ್ದು. ಮೀಟರ್‌ಗೇಜ್ ಕಾಲದಲ್ಲಿ ಶುರುವಾದ ಯಾರ್ಡು ಅದು, ಆಮೇಲೆ ಬ್ರಾಡ್‌ಗೇಜ್ ಆಯಿತು. ಹೊಸ ಲೈನುಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ 5.3 ಮೀಟರ್ ಇರುತ್ತದೆ. ಹಳೆಯ ಎರಡು ಲೈನುಗಳ ನಡುವೆ ಇದ್ದದ್ದು 4.265 ಮೀಟರ್ ಮಾತ್ರ. ವ್ಯಾಗನ್ನಿನ ಅಗಲ ಸುಮಾರು 3.2 ಮೀಟರ್, ಎರಡೂ ಲೈನಿನಲ್ಲಿ ಗಾಡಿ ಇದ್ದರೆ ಮನುಷ್ಯನಿಗೆ ಉಳಿಯುವುದು ಒಂದು ಮೀಟರಿಗೆ ತುಸು ಹೆಚ್ಚು. ಯಾವುದಾದರೂ ಬಾಗಿಲು ಜೋತುಬಿದ್ದಿದ್ದರೆ ಅದೂ ಇಲ್ಲ. ಅಲ್ಲಿ ಎಷ್ಟು ಚೆಂದದ ದಾರಿ ಮಾಡಿದರೂ ಅದು ಬೋನೇ. ದಾರಿ ಮಾಡಲಿಲ್ಲ. ತಪಾಸಣೆಯ ರೇಕನ್ನು ಆ ಲೈನುಗಳಿಗೆ ತರಬೇಡಿ, ಕೆಟ್ಟ ವ್ಯಾಗನ್ನು, ಬ್ರೇಕ್‌ವ್ಯಾನ್ (ಗಾರ್ಡಿನ ಡಬ್ಬಿ) ನಿಲ್ಲಿಸಿಕೊಳ್ಳಿ ಎಂದು ಸ್ಟೇಷನ್ ಮಾಸ್ಟರ್ ಹತ್ತಿರ ಕೂತು ಜಗ್ಗಾಡಿದೆ. ಲೋಡಿಂಗ್ ಜೋರಿದ್ದಾಗ ಒಂದು ಲೈನ್ ಕಳೆದುಕೊಳ್ಳುವುದು ಅವರಿಗೆ ಸಣ್ಣ ಮಾತಲ್ಲ. ಕಡೆಗೆ ಒಪ್ಪಿದ್ದು ಇಷ್ಟಕ್ಕೆ: ಒಂದರಲ್ಲಿ ತಪಾಸಣೆ ನಡೆಯುವಾಗ ಪಕ್ಕದ್ದು ಖಾಲಿ.

ವ್ಯಾಗನ್ ಕೆಳಗೆ ನುಸುಳುವ ಚಾಳಿಯ ಬಗ್ಗೆ ಎಷ್ಟು ಬೋರ್ಡು ಹಾಕಿದ್ದರೋ ಲೆಕ್ಕವಿಲ್ಲ. ಕೌನ್ಸೆಲಿಂಗ್ ಆಗಿತ್ತು, ಸಹಿ ತೆಗೆದುಕೊಂಡದ್ದೂ ಆಗಿತ್ತು. ಯಾಕೆ ನುಸುಳುತ್ತೀರಿ ಎಂದು ಕೂತು ಕೇಳಿದಾಗ ಉತ್ತರ ಸರಳ: ಕುಡಿಯುವ ನೀರಿನ ನಲ್ಲಿ, ಕೂರುವ ಶೆಡ್ಡು ಆಚೆ ಬದಿ. ರೇಕ್ ಸುತ್ತಿ ಹೋಗಿ ಒಂದು ಲೋಟ ನೀರು ಕುಡಿದು ಬರಲು ಅರ್ಧ ಗಂಟೆ. ಬಳ್ಳಾರಿ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಯಾರು ಸುತ್ತುತ್ತಾರೆ? ಈಚೆ ಬದಿಗೂ ಪೈಪ್ ಎಳೆಸಿ ಒಂದು ನಲ್ಲಿ, ತಗಡಿನ ನೆರಳು ಮಾಡಿಸಿದೆವು. ಯಾರ್ಡಿನ ತುದಿಯಲ್ಲಿ, ಗಾಡಿ ನಿಲ್ಲದ ಕಡೆ, ಹಳಿಮಟ್ಟಕ್ಕೆ ಚಪ್ಪಡಿ ಕೂರಿಸಿ ದಾಟುವ ಜಾಗ ಮಾಡಿದೆ. ಗಾಡಿ ಒಂದು ಲೈನಿನಿಂದ ಇನ್ನೊಂದಕ್ಕೆ ಹೊರಳುವ ಪಾಯಿಂಟಿನಿಂದ ದೂರ ಇಟ್ಟೆ. ಪಾಯಿಂಟಿನ ನಾಲಿಗೆ ಹಳಿ 115 ಮಿ.ಮೀ. ತೆರೆದು ಮುಚ್ಚುತ್ತದೆ, ಮೋಟಾರು ತಿರುಗಿಸುವವನು ಪ್ಯಾನೆಲ್ ಮುಂದೆ ಕೂತಿರುತ್ತಾನೆ. ಅಲ್ಲಿ ಯಾರ ಕಾಲಿದೆ ಎಂದು ಅವನಿಗೆ ಕಾಣುವುದಿಲ್ಲ. ನುಸುಳುವುದು ಪೂರ್ತಿ ನಿಂತಿತು ಎನ್ನಲಾರೆ, ಆದರೆ ನೀರಿಗಾಗಿ ನುಸುಳುವುದು ನಿಂತಿತು.

ಯಾರ್ಡ್ ಮರುವಿನ್ಯಾಸದ ನಕ್ಷೆ ಕೈಗೆ ಬಂದಿರುವ ಕಿರಿಯ ಗೆಳೆಯರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಎಲ್ಲರಿಗೂ ಹೇಳುವುದು ಒಂದೇ: 5.3 ಮೀಟರ್ ಅಂತ ಬರೆದಿದೆ ಎಂದು ಸಹಿ ಹಾಕಬೇಡಿ. ಆ ಅಂತರದೊಳಗೆ ವಿದ್ಯುತ್ ತಂತಿಯ ಮಾಸ್ಟ್ ಎಲ್ಲಿ ಬರುತ್ತದೆ, ಅದರ ಕಾಂಕ್ರೀಟ್ ಬುಡ ನೆಲದಿಂದ ಎಷ್ಟು ಮೇಲೆ ನಿಲ್ಲುತ್ತದೆ, ಸಿಗ್ನಲ್ ಕಂಬ, ಕೇಬಲ್ ಗುಂಡಿ, ಚರಂಡಿ ಯಾವ ಬದಿ, ಕೇಳಿ. ಎಲ್ಲ ವಿಭಾಗದ ನಕ್ಷೆಗಳನ್ನೂ ಒಂದರ ಮೇಲೊಂದು ಇಟ್ಟು, ಉಳಿದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಆ ಗೆರೆ ಎಲ್ಲಿಯಾದರೂ ಕಡಿದರೆ ಕಾಂಕ್ರೀಟ್ ಸುರಿಯುವ ಮೊದಲೇ ಜಗಳ ಮಾಡಿ.