ಜೀಪಿನ ಅಡಿಯ ‘ಟಕ್’ ಸದ್ದು ಎಲ್ಲಿಂದ ಬರುತ್ತಿತ್ತು?

ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಮಳೆಗಾಲವಿಡೀ ಹಳ್ಳ ದಾಟಿಯೇ ಹೋಗಬೇಕು. ಈ ಸಲ ಮಳೆ ಮುಗಿಯುವ ಹೊತ್ತಿಗೆ ಜೀಪಿನಲ್ಲಿ ಎರಡು ಸದ್ದು ಶುರುವಾದವು. ಕ್ಲಚ್ ಬಿಡುವಾಗ ಅಡಿಯಿಂದ ‘ಟಕ್’. ವೇಗ ಹೆಚ್ಚಿದರೆ ಹಿಂದಿನಿಂದ ‘ಗುಂಯ್’. ಗೇರ್‌ಬಾಕ್ಸ್ ಇಳಿಸೋಣ ಎಂದರು ಮೆಕ್ಯಾನಿಕ್. ಅದು ದೊಡ್ಡ ಖರ್ಚು. ಮೊದಲು ಪರೀಕ್ಷೆ ಮಾಡೋಣ ಎಂದೆ.

ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಕ್ಲಚ್ ಒತ್ತಿ, ಬಿಟ್ಟು ನೋಡಿದೆ. ಬಿಟ್ಟಾಗ ಮಾತ್ರ ಸದ್ದು ಬಂದರೆ ಗೇರ್‌ಬಾಕ್ಸ್ ಬೇರಿಂಗ್ ಮೇಲೆ ಅನುಮಾನ ಪಡಬಹುದು. ಇಲ್ಲಿ ಏನೂ ಇರಲಿಲ್ಲ. ಓಡುವಾಗ ಆಕ್ಸಿಲರೇಟರ್ ಒತ್ತಿದರೆ ಗುಂಯ್ ಜಾಸ್ತಿ, ಬಿಟ್ಟರೆ ಕಡಿಮೆ. ಇದು ಡಿಫರೆನ್ಷಿಯಲ್‌ನ, ಅಂದರೆ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಲಕ್ಷಣ. ಆಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲೇ ಆಡಿಸಿದೆ. ಅದರ ಹಿಂದಿನ ತುದಿಯ ಕ್ರಾಸ್ (ಮಡಚುವ ಕೀಲು) ಸಡಿಲ. ಗ್ರೀಸ್ ಇಲ್ಲ, ಬರೀ ತುಕ್ಕು. ‘ಟಕ್’ ಸಿಕ್ಕಿತು.

ಇನ್ನು ‘ಗುಂಯ್’. ಡಿಫರೆನ್ಷಿಯಲ್ ಇರುವ ಹಿಂದಿನ ಹೌಸಿಂಗ್‌ನ ಎಣ್ಣೆ ಇಳಿಸಿದರೆ ಹಾಲು ಹಾಕಿದ ಕಾಫಿ ಹಾಗಿತ್ತು. ನೀರು ಸೇರಿತ್ತು. ಕಾರಣ ಬ್ರೀದರ್, ಅಂದರೆ ಹೌಸಿಂಗ್‌ನ ಗಾಳಿಕಿಂಡಿ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಆಯಿಲ್ ಸೀಲ್ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಸುಮ್ನೆ ಸೀಲ್ ಬದಲಿಸುತ್ತಾ ಹೋದರೆ ಪ್ರಯೋಜನವಿಲ್ಲ.

ಕ್ರಾಸ್, ಡಿಫರೆನ್ಷಿಯಲ್‌ನ ಪಿನಿಯನ್ (ಶಾಫ್ಟಿನ ಕಡೆಯ ಚಿಕ್ಕ ಗೇರ್) ಬೇರಿಂಗ್, ಸೀಲ್ ಹೊಸದು ಹಾಕಿಸಿದೆ. ಎಣ್ಣೆ ಜಿಎಲ್-5 ಎಂಬ ಗೇರ್ ಎಣ್ಣೆ ದರ್ಜೆಯದು. ಬ್ರೀದರ್‌ಗೆ ರಬ್ಬರ್ ಪೈಪ್ ಸೇರಿಸಿ ಬಾಡಿಯ ಎತ್ತರಕ್ಕೆ ಒಯ್ದೆವು. ಪೈಪ್ ಸ್ವಲ್ಪ ಸಡಿಲ ಬಿಡಬೇಕು, ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ ಅಲ್ವಾ. ಈಗ ಎರಡೂ ಸದ್ದಿಲ್ಲ. ಹಳ್ಳ ದಾಟಿದ ದಿನ ಕ್ರಾಸಿಗೆ ಹೊಸ ಗ್ರೀಸ್ ಹೊಡೆಯುತ್ತೇನೆ, ಹಳೆಯದು ಹೊರಬರುವ ತನಕ.