ಸರಳಿಲ್ಲದ ಕಿಟಕಿ: ನಮ್ಮ ಕಡೆಯಿಂದ ಬ್ರಿಟನ್ನಿಗೆ ಹೊರಟವರಿಗೆ

ನಾನು ರಜೆಗೆ ಊರಿಗೆ ಬಂದಾಗ ಕಾರವಾರ, ಕುಮಟಾ, ಸಿರ್ಸಿ ಕಡೆಯ ಹುಡುಗರು, ಹೊಸದಾಗಿ ಮದುವೆಯಾದವರು ಬಂದು ಏನೇನೋ ಕೇಳುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದಾ, ಕುಕ್ಕರ್ ಇಲ್ಲಿಂದಲೇ ತಗೊಂಡು ಹೋಗಬೇಕಾ, ಚಳಿ ತಡೆಯಲು ಆಗುತ್ತದಾ. ಕಿಟಕಿಯ ಬಗ್ಗೆ ಯಾರೂ ಕೇಳುವುದಿಲ್ಲ. ಬ್ರಿಟನ್ನಿಗೆ ಹೋದ ಮೊದಲ ವಾರವೇ ತಲೆ ತಿನ್ನುವುದು ಅದೇ.

ನಮ್ಮಲ್ಲಿ ಕಿಟಕಿ ಅಂದರೆ ಸರಳು ಇದ್ದೇ ಇರುತ್ತದೆ. ಹಳೆ ಮನೆಗೆ ಮರದ್ದು, ಹೊಸ ಮನೆಗೆ ಕಬ್ಬಿಣದ ಗ್ರಿಲ್. ಸಿರ್ಸಿ ಕಡೆ ಅದನ್ನು ಹಾಕಿಸುವುದು ಕಳ್ಳನಿಗಿಂತ ಜಾಸ್ತಿ ಮಂಗನಿಗೆ ಹೆದರಿ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಅಂಗಳ, ಬೇಲಿ, ತೋಟ. ಬ್ರಿಟನ್ನಿನ ಸಾಲುಮನೆಗಳಲ್ಲಿ ಮುಂದಿನ ಕೋಣೆಯ ಗಾಜು ಎಷ್ಟೋ ಕಡೆ ಫುಟ್‌ಪಾತಿಗೇ ತಾಗಿಕೊಂಡಿರುತ್ತದೆ. ವೀಡಿಯೋ ಕಾಲ್‌ನಲ್ಲಿ ನೋಡಿದ ಕೂಡಲೇ ಆಯಿ "ಸರಳೇ ಇಲ್ವಲ್ಲೋ!" ಅನ್ನುವುದು ಗ್ಯಾರಂಟಿ.

ಹಾಗಂತ ಸರಳು ಹಾಕಿಸಲು ಹೊರಡಬೇಡಿ. ಬಾಡಿಗೆ ಮನೆಯಲ್ಲಿ ಮಾಲೀಕರು ಒಪ್ಪುವುದೂ ಇಲ್ಲ. ಮುಖ್ಯ ಕಾರಣ ಬೆಂಕಿ. ಅಲ್ಲಿ ಮಲಗುವ ಕೋಣೆಯ ಕಿಟಕಿ ತಪ್ಪಿಸಿಕೊಳ್ಳುವ ದಾರಿಯೂ ಹೌದು. ಇಂಥ ಕಿಟಕಿ ತೆರೆದಾಗ ಕನಿಷ್ಠ 0.33 ಚದರ ಮೀಟರ್ ಜಾಗ ಸಿಗಬೇಕು, ಎತ್ತರ ಅಗಲ ಎರಡೂ 45 ಸೆಂಟಿಮೀಟರಿಗಿಂತ ಕಮ್ಮಿ ಇರಬಾರದು ಎಂದು ಇಂಗ್ಲೆಂಡಿನ ಕಟ್ಟಡ ನಿಯಮ ಹೇಳುತ್ತದೆ. ಆ ದಾರಿಯನ್ನು ನಾವೇ ಕಬ್ಬಿಣ ಹಾಕಿ ಮುಚ್ಚುವುದು ಬೇಡ.

ಸರಳಿನ ಬದಲು ನೀವು ಕಲಿಯಬೇಕಾದ್ದು ಬೆಳಕಿನ ಲೆಕ್ಕ. ಯಾವ ಕಡೆ ಬೆಳಕು ಜಾಸ್ತಿಯೋ ಆ ಕಡೆಯವರು ಕಾಣುತ್ತಾರೆ. ಹಗಲಲ್ಲಿ ಹೊರಗೆ ಬೆಳಕು, ಒಳಗೆ ಮಬ್ಬು, ಹಾಗಾಗಿ ತೆಳು ಪರದೆ ಇದ್ದರೂ ಸಾಕು. ದೀಪ ಹಾಕಿದ ಮೇಲೆ ಎಲ್ಲ ತಿರುಗಾಮುರುಗಾ. ನಿಮ್ಮ ಕೋಣೆ ಯಕ್ಷಗಾನದ ರಂಗಸ್ಥಳ, ಬೀದಿಯವರು ಕತ್ತಲಲ್ಲಿ ಕೂತ ಪ್ರೇಕ್ಷಕರು. ಕಾರವಾರದಲ್ಲಿ ಡಿಸೆಂಬರಿನಲ್ಲೂ ಸೂರ್ಯ ಮುಳುಗುವುದು ಆರು ಗಂಟೆಯ ಮೇಲೆ. ಲಂಡನ್ನಿನಲ್ಲಿ ನಾಲ್ಕಕ್ಕೂ ಮೊದಲೇ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೇ ದೀಪ ಬೇಕು, ಇನ್ನೂ ಸಂಜೆಯೇ ಅಲ್ವಾ ಅಂತ ಪರದೆ ಎಳೆಯಲು ಮರೆಯುತ್ತೇವೆ. ಒಂದು ಸಂಜೆ ದೀಪ ಹಾಕಿಟ್ಟು ನೀವೇ ಹೊರಗೆ ನಿಂತು ನೋಡಿ. ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಇದು ಗೊತ್ತಾದರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ಗಾಜಿಗೆ ಹಚ್ಚುವ ತೆಳು ಪ್ಲಾಸ್ಟಿಕ್ ಹಾಳೆಗೆ ಫಿಲ್ಮ್ ಅನ್ನುತ್ತಾರೆ. ಹೊರಗಿನಿಂದ ಕನ್ನಡಿಯಂತೆ ಕಾಣುವ ಫಿಲ್ಮ್ ಹಗಲಿಗೆ ಮಾತ್ರ. ರಾತ್ರಿ ದೀಪ ಹಾಕಿದರೆ ಅದು ಇದ್ದೂ ಇಲ್ಲದ ಹಾಗೆ. ಮಸುಕು ಗಾಜಿನಂಥ ಫಿಲ್ಮ್ ಹಗಲು ರಾತ್ರಿ ಎರಡಕ್ಕೂ ಆಗುತ್ತದೆ. ಆದರೆ ರಾತ್ರಿ ಗಾಜಿಗೆ ತೀರಾ ಹತ್ತಿರ ನಿಂತರೆ ನೆರಳು ಮೂಡುತ್ತದೆ. ಅಂಟಿಲ್ಲದೆ ಕೂರುವ ನಮೂನೆ ತಗೊಳ್ಳಿ. ಸೋಪಿನ ನೀರು ಚಿಮುಕಿಸಿ ಹಚ್ಚಿದರಾಯಿತು, ಮನೆ ಬಿಡುವಾಗ ಕಿತ್ತರೆ ಗುರುತೂ ಉಳಿಯುವುದಿಲ್ಲ. ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ಹಚ್ಚಿ, ಮೇಲಿನಿಂದ ಆಕಾಶ ಕಾಣಲಿ. ಚಳಿಗಾಲದಲ್ಲಿ ಆ ಚೂರು ಬೆಳಕೂ ಬೇಕಾಗುತ್ತದೆ. ಎರಡು ಪದರದ ಗಾಜಿಗೆ ದಟ್ಟ ಬಣ್ಣದ ಫಿಲ್ಮ್ ಹಚ್ಚಿದರೆ ಬಿಸಿಲಿಗೆ ಕಾದು ಗಾಜು ಸೀಳುವುದುಂಟು. ನಿಮ್ಮ ಗಾಜಿಗೆ ಹೊಂದುತ್ತದಾ ಅಂತ ಕೇಳಿಯೇ ಕೊಳ್ಳಿ.

ಕಿಟಕಿಗೆ ಪರದೆಯ ಬದಲು ಅಡ್ಡಪಟ್ಟಿಯ ಬ್ಲೈಂಡ್ ಇದ್ದರೆ ಪಟ್ಟಿ ಯಾವ ಕಡೆ ವಾಲಿದೆ ನೋಡಿ. ನೀವು ಮೇಲಿನ ಮಹಡಿಯಲ್ಲಿದ್ದು ಬೀದಿ ಕೆಳಗಿದ್ದರೆ, ಪಟ್ಟಿಯ ಹೊರಗಿನ ಅಂಚು ಮೇಲಿರಲಿ, ಒಳಗಿನ ಅಂಚು ಕೆಳಗೆ. ಆಗ ಕೆಳಗಿನವರ ಕಣ್ಣಿಗೆ ತಡೆ, ಆಕಾಶದ ಬೆಳಕು ಮಾತ್ರ ಒಳಗೆ. ಎದುರಿನ ಎತ್ತರದ ಕಟ್ಟಡದಿಂದ ಕಾಣುತ್ತದೆ ಅಂದರೆ ಇದರ ಉಲ್ಟಾ. ಮಕ್ಕಳಿದ್ದರೆ ಎಳೆಯುವ ದಾರವೇ ಇಲ್ಲದ ಬ್ಲೈಂಡ್ ಹುಡುಕಿ. ದಾರ ಕುತ್ತಿಗೆಗೆ ಸುತ್ತಿ ಮಕ್ಕಳು ಸತ್ತಿದ್ದಾರೆ. ದಾರ ಇದ್ದರೆ ಒಂದೂವರೆ ಮೀಟರಿಗಿಂತ ಮೇಲೆ ಕಟ್ಟಿಡಿ, ಮಂಚ ಕಿಟಕಿಯ ಪಕ್ಕ ಬೇಡ.

ಬಾಡಿಗೆ ಮನೆಯ ಗೋಡೆಗೆ ಡ್ರಿಲ್ ಹಾಕುವ ಮೊದಲು ಮಾಲೀಕರಿಗೆ ಇಮೇಲ್ ಮಾಡಿ ಒಪ್ಪಿಗೆ ತಗೊಳ್ಳಿ. ಇಂಗ್ಲೆಂಡಿನಲ್ಲಿ ಡೆಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆಯವರೆಗೂ ಇರುತ್ತದೆ, ಸುಮ್ನೆ ನಾಲ್ಕು ತೂತಿಗೆ ಅದನ್ನು ಯಾಕೆ ಕಳೆದುಕೊಳ್ಳುವುದು? ಚೌಕಟ್ಟಿನ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ. ತೆಳು ಪರದೆಗೆ ಅದು ಧಾರಾಳ.

ದಪ್ಪ ಪರದೆ ಹಗಲೂ ಎಳೆದೇ ಇಟ್ಟರೆ ಅದರ ಹಿಂದೆ ಗಾಜು ಬೆವರಿ ಬೂಷ್ಟು ಬರುತ್ತದೆ. ಮಳೆಗಾಲದ ಸಿರ್ಸಿ ಕಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ಬೀಗ. ಅಲ್ಲಿಯ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗಳ ಹಿಡಿಕೆಯಲ್ಲೇ ಸಣ್ಣ ಕೀಲಿ ಇರುತ್ತದೆ. ಮನೆ ತಗೊಳ್ಳುವಾಗಲೇ ಕೇಳಿ ಪಡೆಯಿರಿ, ಎಷ್ಟೋ ಮನೆಗಳಲ್ಲಿ ಅದು ಕಳೆದೇ ಹೋಗಿರುತ್ತದೆ. ಕೀಲಿ ಹಿಡಿಕೆಯಲ್ಲಿ ಬಿಡಬೇಡಿ, ಗಾಜು ಒಡೆದು ಕೈ ಹಾಕಿದರೆ ಸಿಗುವಲ್ಲೂ ಬೇಡ. ಬೆಂಕಿ ಬಿದ್ದರೆ ಮನೆಯ ಎಲ್ಲರಿಗೂ ಕತ್ತಲಲ್ಲಿ ಕೈಗೆ ಸಿಗಬೇಕು. ಲ್ಯಾಪ್‌ಟಾಪ್, ಕಾರಿನ ಕೀಲಿ ಕಿಟಕಿ ಕಟ್ಟೆಯ ಮೇಲೆ ಇಡಬೇಡಿ.

ಬಂಗಾರದ ವಿಷಯ ಒತ್ತಿ ಹೇಳಬೇಕು. ನಮ್ಮ ಕಡೆಯವರ ಮನೆಯಲ್ಲಿ ಬಂಗಾರ ಇರುತ್ತದೆ ಅಂತ ಅಲ್ಲಿಯ ಕಳ್ಳರಿಗೂ ಗೊತ್ತು. ದೀಪಾವಳಿ ಹೊತ್ತಿಗೆ ಪೊಲೀಸರೇ ಈ ಬಗ್ಗೆ ಎಚ್ಚರಿಸುವುದುಂಟು. ಪೂಜೆಗೆ ಸರ ತೆಗೆಯುವ ಮೊದಲು ಪರದೆ ಎಳೆಯಿರಿ. ಹಬ್ಬ ಮುಗಿದ ಮೇಲೆ ಅದನ್ನು ಕಪಾಟಿನಲ್ಲಿ ಇಡಬೇಡಿ, ಲಾಕರ್ ನೋಡಿ. ಊರಿಗೆ ಹೊರಟರೆ ಒಂದೆರಡು ದೀಪಕ್ಕೆ ಟೈಮರ್ ಹಾಕಿ. ಹಗಲೂ ಪರದೆ ಮುಚ್ಚಿದ್ದರೆ ಮನೆ ಖಾಲಿ ಅಂತ ಬೋರ್ಡ್ ಬರೆದ ಹಾಗೆ. ಪಕ್ಕದ ಮನೆಯವರಿಗೆ ಹೇಳಿ ಹೋದರೆ ಬಾಗಿಲಲ್ಲಿ ಬಿದ್ದ ಪಾರ್ಸೆಲ್ ಆದರೂ ಎತ್ತಿಡುತ್ತಾರೆ.

ಕ್ಯಾಮೆರಾ ಹಾಕುವವರಿಗೆ ಒಂದು ಮಾತು. ಅದು ನಿಮ್ಮ ಗಡಿ ದಾಟಿ ಬೀದಿಯನ್ನೋ ಪಕ್ಕದವರ ಅಂಗಳವನ್ನೋ ಹಿಡಿದರೆ ಅಲ್ಲಿಯ ಡೇಟಾ ರಕ್ಷಣೆ ಕಾನೂನು ನಿಮಗೂ ಲಾಗೂ ಆಗುತ್ತದೆ. ಯಾರಾದರೂ ಬೇಕೆಂದೇ ಇಣುಕುತ್ತಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಬಟ್ಟೆ ಬದಲಿಸುವಾಗ, ಸ್ನಾನ ಮಾಡುವಾಗ ಕಾಮದ ಖುಷಿಗಾಗಿ ಕದ್ದು ನೋಡುವುದು ಇಂಗ್ಲೆಂಡಿನಲ್ಲಿ 2003ರ ಲೈಂಗಿಕ ಅಪರಾಧಗಳ ಕಾಯ್ದೆಯಡಿ ಅಪರಾಧ. ಆ ಕ್ಷಣವೇ ಅಪಾಯ ಅನ್ನಿಸಿದರೆ ಪೊಲೀಸರಿಗೆ 999ಕ್ಕೆ ಫೋನ್ ಮಾಡಿ, ಇಲ್ಲದಿದ್ದರೆ 101ಕ್ಕೆ.

ಊರಲ್ಲಿ ಬೀಗ ಹಾಕಿ ಬಿಟ್ಟುಬರುವ ಮನೆಯನ್ನೂ ಹೊರಡುವ ಮೊದಲು ಒಮ್ಮೆ ಸುತ್ತಿ ನೋಡಿ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಕಬ್ಬಿಣದ ಗ್ರಿಲ್ ಗೋಡೆಗೆ ಸೇರುವ ಬುಡದಲ್ಲಿ ತುಕ್ಕು ಹಿಡಿಯುತ್ತದೆ. ಮೇಲೆ ಬಣ್ಣ ಚೆನ್ನಾಗಿದ್ದರೂ ಒಳಗೆ ಟೊಳ್ಳು. ಕೈಯಲ್ಲಿ ಜೋರಾಗಿ ಅಲುಗಿಸಿ, ಅಲುಗಿದರೆ ಬದಲಿಸಿ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸುವುದಾದರೆ ಸಮುದ್ರದ ಹತ್ತಿರ 304 ಗ್ರೇಡಿನದಕ್ಕಿಂತ 316 ಗ್ರೇಡಿನದು ಬಾಳಿಕೆ ಬರುತ್ತದೆ, ದುಡ್ಡು ಜಾಸ್ತಿ ಆದರೂ ಅಡ್ಡಿಯಿಲ್ಲ. ಮಳೆ ಬಿಟ್ಟ ದಿನ ಕಿಟಕಿ ತೆರೆದು ಗಾಳಿ ಆಡಿಸಲು ನಂಬಿಕೆಯವರೊಬ್ಬರ ಕೈಗೆ ಕೀಲಿ ಕೊಟ್ಟು ಹೊರಡಿ.