ನನ್ನ ಕಿವಿಗೆ ಕೆಲಸ ಕೊಟ್ಟ ಹಕ್ಕಿಗಳು

ಮೆಟ್ಟಿಲು ಹತ್ತುತ್ತಿರುವವರು ಯಾರು ಅಂತ ಹೆಜ್ಜೆ ಸದ್ದಿನಲ್ಲೇ ನನಗೆ ಗೊತ್ತಾಗುತ್ತದೆ. ನೀರಿನ ಮೋಟಾರು ಗಾಳಿ ಎಳೆಯುತ್ತಿದೆ ಅಂತ ಮನೆಯಲ್ಲಿ ಮೊದಲು ಹೇಳುವುದೂ ನಾನೇ. ಚಿಕ್ಕಂದಿನಿಂದ ಹೀಗೇ. ಇದು ಎಲ್ಲರಿಗೂ ಬರುತ್ತದೆ ಅಂದುಕೊಂಡು ಬೆಳೆದೆ. ಸುಲಭವಾಗಿ ಬರುವುದನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ, ಅಲ್ವಾ? ಕಷ್ಟಪಟ್ಟು ಕಲಿತದ್ದು ಮಾತ್ರ ನಮ್ಮ ಸಾಮರ್ಥ್ಯ ಅನ್ನಿಸುತ್ತದೆ. ಶಾಲೆಯಲ್ಲಿ ಓದಿದ್ದಕ್ಕೆ, ಬರೆದಿದ್ದಕ್ಕೆ ಅಂಕ ಸಿಗುತ್ತದೆ. ಚೆನ್ನಾಗಿ ಕೇಳಿಸಿಕೊಂಡಿದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ನಾನು ಮೈಸೂರಿನಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದೇನೆ. ಒಂದು ಚಳಿಗಾಲದಲ್ಲಿ ಗೆಳತಿಯ ಜತೆ ಕುಕ್ಕರಹಳ್ಳಿ ಕೆರೆಗೆ ಹಕ್ಕಿ ನೋಡಲು ಹೋಗಿದ್ದೆ. ಎಲ್ಲರ ದುರ್ಬೀನು ಹೆಜ್ಜಾರ್ಲೆಗಳ ಕಡೆ ತಿರುಗಿತ್ತು. ನನ್ನ ಗಮನ ಮಾತ್ರ ದಡದ ಗಿಡಗಳ ಮೇಲೇ ಇತ್ತು. ಮರದ ಮೇಲಿನಿಂದ 'ಚಿ-ವೀ' ಅಂತ ಒಂದು ಸದ್ದು. ಕೆಳಗಿನ ಪೊದೆಯಿಂದ 'ಚಕ್... ಚಕ್' ಅಂತ ಇನ್ನೊಂದು. ಇವೆರಡು ಯಾವ ಹಕ್ಕಿ ಅಂತ ಕೇಳಿದೆ. ಬಹಳ ವರ್ಷಗಳಿಂದ ಹಕ್ಕಿ ನೋಡುತ್ತಿರುವ ಗೆಳತಿ ನಿಂತುಬಿಟ್ಟಳು. ಮೇಲಿನದು ಗ್ರೀನಿಷ್ ವಾರ್ಬ್ಲರ್, ಕೆಳಗಿನದು ಬ್ಲಿತ್ಸ್ ರೀಡ್ ವಾರ್ಬ್ಲರ್. ಎರಡೂ ವಲಸೆ ಹಕ್ಕಿಗಳು. ಸೆಪ್ಟೆಂಬರ್ ಹೊತ್ತಿಗೆ ಉತ್ತರದಿಂದ ಬರುತ್ತವೆ, ಏಪ್ರಿಲ್ ಹೊತ್ತಿಗೆ ಹೊರಡುತ್ತವೆ. ಗುಬ್ಬಚ್ಚಿಗಿಂತ ಚಿಕ್ಕವು, ಮಾಸಲು ಬಣ್ಣ, ಎಲೆಗಳ ಮರೆಯಲ್ಲೇ ಓಡಾಟ. ಅನುಭವಿಗಳೂ ಇವನ್ನು ಹೆಚ್ಚಾಗಿ ದನಿಯಿಂದಲೇ ಗುರುತಿಸುತ್ತಾರಂತೆ. ಹೊಸಬರು ಇವೆರಡನ್ನು ಬೇರೆ ಮಾಡಿ ಕೇಳುವುದಕ್ಕೇ ಬಹಳ ದಿನ ಹಿಡಿಯುತ್ತದೆ ಅಂದಳು.

ಒಂದು ದಿನ ಹೀಗಾಯಿತು ಅಂತ ಅದನ್ನೇ ಪ್ರತಿಭೆ ಅನ್ನಲಾಗದು. ಆಮೇಲಿನ ವಾರಗಳಲ್ಲಿ ನನ್ನನ್ನು ನಾನೇ ಗಮನಿಸಿದೆ. ಉಳಿದವರು ಸುಸ್ತಾಗಿ ಕಾಫಿಗೆ ಹೊರಟಾಗ ನನಗೆ ಇನ್ನೂ ಕೇಳಬೇಕು ಅನ್ನಿಸುತ್ತಿತ್ತು. ಒಮ್ಮೆ ಕೇಳಿದ ದನಿ ಮರುದಿನವೂ ನೆನಪಿನಲ್ಲಿ ಇರುತ್ತಿತ್ತು. ಹೋಗು ಅಂತ ಯಾರೂ ಹೇಳದಿದ್ದರೂ ಬೆಳಗ್ಗೆ ತಾನಾಗಿಯೇ ಎಚ್ಚರವಾಗುತ್ತಿತ್ತು. ಆನ್‌ಲೈನ್ ಟೆಸ್ಟ್‌ಗಳಿಗಿಂತ ಇದೇ ಒಳ್ಳೆಯ ಪರೀಕ್ಷೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹುಟ್ಟಿನಿಂದ ಬಂದದ್ದು ಎಲ್ಲಿಯವರೆಗೆ ಅನ್ನುವುದೂ ಬೇಗ ತಿಳಿಯಿತು. ಎರಡು ದನಿ ಬೇರೆ ಬೇರೆ ಅಂತ ಕಿವಿ ಹೇಳುತ್ತಿತ್ತು, ಯಾವುದು ಯಾರದು ಅಂತ ಹೇಳುತ್ತಿರಲಿಲ್ಲ. ಅದಕ್ಕೆ ಕೂತು ಕಲಿಯಲೇಬೇಕಾಯಿತು.

ಮೊದಲು ಅಪರೂಪದ ಹಕ್ಕಿಗಳನ್ನು ಬಿಟ್ಟೆ. ಪಿಕಳಾರ, ಮಡಿವಾಳ ಹಕ್ಕಿ, ಟುವ್ವಿ, ಕುಟುರ, ಕೆಂಬೂತ, ಇವುಗಳ ದನಿಯನ್ನೇ ಪಕ್ಕಾ ಮಾಡಿಕೊಂಡೆ. ದಿನಾ ಕೇಳುವ ದನಿ ಚೆನ್ನಾಗಿ ಗೊತ್ತಿದ್ದರೆ ಹೊಸ ದನಿ ತಾನಾಗಿಯೇ ಎದ್ದು ಕೇಳುತ್ತದೆ. ಒಂದೇ ಹಕ್ಕಿಗೆ ಹಲವು ದನಿ ಇರುವುದೂ ಆಗಲೇ ತಿಳಿದದ್ದು. 'ಕುಹೂ' ಅನ್ನುವುದು ಗಂಡು ಕೋಗಿಲೆ. ಹೆಣ್ಣಿನದು 'ಕಿಕ್ ಕಿಕ್ ಕಿಕ್' ಅಂತ ಅವಸರದ ಕೂಗು. ಮಡಿವಾಳ ಹಕ್ಕಿ ಬೇಸಿಗೆಯಲ್ಲಿ ಅಷ್ಟು ಚೆಂದ ಹಾಡುತ್ತದೆ. ಚಳಿಗಾಲದಲ್ಲಿ ಹೆಚ್ಚಾಗಿ ಒರಟು ದನಿ ಮಾತ್ರ.

ಕೇಳಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದಿಟ್ಟೆ. ದನಿ ಏರುತ್ತದೋ ಇಳಿಯುತ್ತದೋ, ನಡುವೆ ಎಷ್ಟು ಬಿಡುವು, ಎಲ್ಲವನ್ನೂ ಗುರುತು ಹಾಕಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಸ್ಪೆಕ್ಟ್ರೋಗ್ರಾಮ್ ನೋಡಿದೆ. ಅದು ದನಿಯ ಚಿತ್ರ: ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಕಂಚುಗಾರ ಹಕ್ಕಿಯ 'ಟುಕ್ ಟುಕ್' ಅದರಲ್ಲಿ ಅಳತೆಯಿಟ್ಟು ಪೋಣಿಸಿದ ಮಣಿಸರದ ಹಾಗೆ ಕಾಣುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತದೆ. ನಾನು ಮೊದಲು ನನ್ನ ಊಹೆ ಬರೆದು ಆಮೇಲೆ ಅದನ್ನು ತೆರೆಯುತ್ತೇನೆ. ಮೊದಲೇ ತೆರೆದರೆ ಕಿವಿ ಸೋಮಾರಿಯಾಗುತ್ತದೆ. ಇನ್ನೊಂದು ಮಾತು, ರೆಕಾರ್ಡ್ ಮಾಡಿದ ದನಿಯನ್ನು ಹಕ್ಕಿಯ ಮುಂದೆ ದಯವಿಟ್ಟು ಹಾಕಬೇಡಿ. ಗೂಡು ಕಟ್ಟುವ ಕಾಲದಲ್ಲಿ ಎದುರಾಳಿ ಬಂತೆಂದು ಅದು ಕಂಗಾಲಾಗುತ್ತದೆ.

ಇಷ್ಟಾದರೂ ಪ್ರತಿ ಸೆಪ್ಟೆಂಬರ್‌ಗೆ ವಲಸೆ ಹಕ್ಕಿಗಳ ದನಿಯನ್ನು ಮತ್ತೆ ಕಲಿಯುತ್ತೇನೆ. ಬೇಸಿಗೆಯಿಡೀ ಕೇಳದಿದ್ದರೆ ನೆನಪು ಮಸುಕಾಗುತ್ತದೆ. ಪಶ್ಚಿಮ ಘಟ್ಟದ ಕಾಡಿಗೆ ಹೋದರೆ ಭೀಮರಾಜ ಬೇರೆ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸುತ್ತದೆ. ಅಲ್ಲಿ ಕಿವಿಗೆ ನಿಜವಾದ ಕೆಲಸ. ಆ ಬೆಳಗುಗಳು ನನಗೆ ತುಂಬಾ ಇಷ್ಟ.

ನಮ್ಮ ಗುಂಪಿನಲ್ಲಿ ಒಬ್ಬರು ಆಕಾಶದಲ್ಲಿ ಚುಕ್ಕೆಯಂತೆ ಕಾಣುವ ಹದ್ದನ್ನು ರೆಕ್ಕೆಯ ಆಕಾರದಿಂದಲೇ ಹೇಳುತ್ತಾರೆ. ಅದು ನನಗೆ ಬರುವುದಿಲ್ಲ. ಅವರ ಕಣ್ಣು ನನಗೆ ಬೇಕು, ನನ್ನ ಕಿವಿ ಅವರಿಗೆ ಬೇಕು. ಕಣ್ಣು ಕಾಣದ ಗೆಳೆಯರೊಬ್ಬರು ಜತೆಗೆ ಬರತೊಡಗಿದ ಮೇಲೆ ನಡಿಗೆಯ ರೀತಿಯೇ ಬದಲಾಯಿತು. ಈಗ ಮಾತು ಕಡಿಮೆ, ನಿಲ್ಲುವುದು ಜಾಸ್ತಿ. ದನಿ ಎಷ್ಟು ದೂರದ್ದು ಅಂತ ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ, ಅದನ್ನು ಅವರಿಂದಲೇ ಕಲಿಯುತ್ತಿದ್ದೇನೆ.

ಕೆಲಸ ಬಿಟ್ಟು ಇದನ್ನೇ ಮಾಡಬಾರದಾ ಅಂತ ಕೆಲವರು ಕೇಳುತ್ತಾರೆ. ನನಗೆ ಬೇಡ. ಸಂಬಳ ತರದಿದ್ದರೂ ಇದು ನನ್ನದೇ. ವಾರಕ್ಕೆ ಕೆಲವು ಬೆಳಗು ಇದಕ್ಕೆ ಮೀಸಲು ಅಂತ ಮನೆಯವರಿಗೂ ಗೊತ್ತು.

ನಿಮಗೂ ಕೇಳುವ ಆಸೆ ಇದ್ದರೆ ಫೆಬ್ರವರಿ ಮಧ್ಯದಲ್ಲಿ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಬನ್ನಿ. ನಾಲ್ಕು ದಿನದ ಎಣಿಕೆ ಅದು. ಮನೆಯ ತಾರಸಿಯಲ್ಲಿ 15 ನಿಮಿಷ ನಿಂತರೂ ಸಾಕು. ನೋಡಿದ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವಾಗ, ಕಾಣದೆ ಬರೀ ಕೇಳಿದ ಹಕ್ಕಿಯನ್ನೂ ಸೇರಿಸಬಹುದು.